ಜೋ ಲೂಯಿಸ್ ಸೋತ ರಾತ್ರಿ

ಗರಡಿಯಲ್ಲಿ ಹೊಸದಾಗಿ ಮೈ ಹುರಿಗೊಳಿಸಿದ ಹುಡುಗನನ್ನು ಯಾವ ಉಸ್ತಾದನೂ ಒಮ್ಮೆಗೇ ಪಳಗಿದ ಜಟ್ಟಿಯ ಎದುರು ಬಿಡುವುದಿಲ್ಲ. ಮೊದಲು ಸಮಬಲದವರು, ಆಮೇಲೆ ಒಂದು ಕೈ ಮೇಲಿನವರು. ಬಾಕ್ಸಿಂಗಿನ ರೀತಿಯೂ ಇದೇ. ಅಲ್ಲಿ ಪಂದ್ಯ ಏರ್ಪಡಿಸುವವನು ವ್ಯಾಪಾರಿಯೂ ಆಗಿರುವುದರಿಂದ, ಗೆಲುವಿನ ಜೊತೆಗೆ ಹೆಸರನ್ನೂ ಬೆಳೆಸಬೇಕಾಗುತ್ತದೆ. ಪತ್ರಿಕೆಗಳು ಬರೆಯುತ್ತವೆ, ಜನ ನಂಬುತ್ತಾರೆ, ಕೊನೆಗೆ ಆಟಗಾರನೂ ನಂಬುತ್ತಾನೆ. ಹೀಗೆ ಬೆಳೆದ ಹೆಸರು ಗಟ್ಟಿಯಾದ ಎದುರಾಳಿಯೊಬ್ಬನ ಮುಂದೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ 1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನಡೆದ ಕಾಳಗಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಜೋ ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ಅಲಬಾಮಾ ಸೀಮೆಯ ಬಡ ಕಪ್ಪು ರೈತ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಕುಟುಂಬ ಕೆಲಸ ಹುಡುಕಿಕೊಂಡು ಉತ್ತರದ ಡೆಟ್ರಾಯಿಟ್ ಸೇರಿತು. 1934ರ ಜುಲೈನಲ್ಲಿ ವೃತ್ತಿಪರ ಬಾಕ್ಸಿಂಗಿಗೆ ಇಳಿದ ಆತ ಎರಡು ವರ್ಷ ಸೋಲನ್ನೇ ಕಾಣಲಿಲ್ಲ. 1935ರ ಜೂನ್‌ನಲ್ಲಿ ಇಟಲಿಯ ದೈತ್ಯ ಪ್ರಿಮೊ ಕಾರ್ನೆರಾನನ್ನು ಆರನೆಯ ಸುತ್ತಿನಲ್ಲಿ, ಸೆಪ್ಟೆಂಬರ್‌ನಲ್ಲಿ ಮ್ಯಾಕ್ಸ್ ಬೇರ್‌ನನ್ನು ನಾಲ್ಕನೆಯ ಸುತ್ತಿನಲ್ಲಿ ಮುಗಿಸಿದ. ಇಬ್ಬರೂ ಮಾಜಿ ವಿಶ್ವ ಚಾಂಪಿಯನ್ನರು. ಪತ್ರಿಕೆಗಳು ಅವನಿಗೆ 'ಬ್ರೌನ್ ಬಾಂಬರ್' ಎಂದು ಹೆಸರಿಟ್ಟವು. ಅಂದಮೇಲೆ ಲೂಯಿಸ್‌ನ ಕೀರ್ತಿ ಬರಿಯ ಪ್ರಚಾರದ ನೊರೆಯಾಗಿರಲಿಲ್ಲ. ಅದರ ಕೆಳಗೆ ನಿಜವಾದ ಹಾಲೂ ಇತ್ತು.

ಆ ಕೀರ್ತಿಯ ಹಿಂದೆ ಇನ್ನೊಂದು ಭಾರವೂ ಇತ್ತು. ಹೆವಿವೇಟ್ ಪಟ್ಟ ಪಡೆದ ಮೊದಲ ಕಪ್ಪು ವರ್ಣೀಯ ಜ್ಯಾಕ್ ಜಾನ್ಸನ್. 1908ರಲ್ಲಿ ಗೆದ್ದು 1915ರಲ್ಲಿ ಪಟ್ಟ ಕಳೆದುಕೊಂಡ ಆತ, ಬಿಳಿಯರ ಎದುರು ತಲೆಬಾಗದೆ ಬದುಕಿದ್ದಕ್ಕೆ ಅವರ ದ್ವೇಷ ಕಟ್ಟಿಕೊಂಡಿದ್ದ. ಅವನ ಬಳಿಕ ಎರಡು ದಶಕ ಯಾವ ಕಪ್ಪು ಸ್ಪರ್ಧಿಗೂ ಆ ಪಟ್ಟಕ್ಕೆ ಹೋರಾಡುವ ಅವಕಾಶವೇ ದೊರೆಯಲಿಲ್ಲ. ಆದ್ದರಿಂದ ಲೂಯಿಸ್‌ನ ವ್ಯವಸ್ಥಾಪಕರು ಅವನಿಗೆ ಕಟ್ಟುನಿಟ್ಟಿನ ನಡತೆ ವಿಧಿಸಿದ್ದರು: ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸರ ಜೊತೆ ಚಿತ್ರ ತೆಗೆಸಿಕೊಳ್ಳಬಾರದು. ಲಕ್ಷಾಂತರ ಕಪ್ಪು ಜನರ ಆಸೆಯನ್ನು ಇಪ್ಪತ್ತೆರಡು ವರ್ಷದ ಹುಡುಗ ಹೊತ್ತು ನಡೆಯಬೇಕಾಗಿತ್ತು.

ಎದುರಾಳಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಆತನಿಗೆ ಮೂವತ್ತು ದಾಟಿತ್ತು. 1930ರಲ್ಲಿ ಪಟ್ಟ ದಕ್ಕಿತ್ತು, ಅದೂ ಎದುರಾಳಿ ಜ್ಯಾಕ್ ಷಾರ್ಕಿ ನಿಯಮ ಮೀರಿ ಸೊಂಟದ ಕೆಳಗೆ ಹೊಡೆದದ್ದರಿಂದ. ಎರಡೇ ವರ್ಷದಲ್ಲಿ ಅದೇ ಷಾರ್ಕಿ ಅದನ್ನು ಕಸಿದುಕೊಂಡ. 1933ರಲ್ಲಿ ಮ್ಯಾಕ್ಸ್ ಬೇರ್ ಕೈಯಲ್ಲಿ ಹೊಡೆತ ತಿಂದು ಸೋತ. ಜನರ ಲೆಕ್ಕ ಸರಳವಾಗಿತ್ತು: ಷ್ಮೆಲಿಂಗ್‌ನನ್ನು ಬೇರ್ ಸೋಲಿಸಿದ, ಬೇರ್‌ನನ್ನು ಲೂಯಿಸ್ ಸೋಲಿಸಿದ, ಇನ್ನು ಕೇಳುವುದೇನಿದೆ? ಬಾಜಿ ಕಟ್ಟುವವರೂ ಇದೇ ಕೂಡು-ಕಳೆ ಮಾಡಿದರು. ಆದರೆ ಬಾಕ್ಸಿಂಗ್ ಅಂಕಗಣಿತವಲ್ಲ. ಒಬ್ಬನ ಶೈಲಿಗೆ ಬಲಿಯಾಗುವವನು ಇನ್ನೊಬ್ಬನ ಶೈಲಿಗೆ ಮುಳ್ಳಾಗಬಹುದು.

ಷ್ಮೆಲಿಂಗ್ ಮಾಡಿದ್ದು ಒಂದೇ ಕೆಲಸ, ಕಣ್ಣಿಟ್ಟು ನೋಡಿದ್ದು. 1935ರ ಡಿಸೆಂಬರ್‌ನಲ್ಲಿ ಲೂಯಿಸ್ ಸ್ಪೇನಿನ ಉಸ್ಕುದುನ್‌ನನ್ನು ಮಣಿಸಿದಾಗ ಆತ ಪ್ರೇಕ್ಷಕರ ನಡುವೆ ಕುಳಿತಿದ್ದ. ಲೂಯಿಸ್ ಆಡಿದ ಪಂದ್ಯಗಳ ಚಲನಚಿತ್ರಗಳನ್ನೂ ಮತ್ತೆ ಮತ್ತೆ ನೋಡಿದ. ಎಡಗೈ ನೇರ ಚಾಚಿ ಕೊಡುವ ಚುರುಕು ಗುದ್ದಿಗೆ 'ಜ್ಯಾಬ್' ಎಂದು ಹೆಸರು. ಲೂಯಿಸ್‌ನ ಜ್ಯಾಬ್ ಎಲ್ಲರೂ ಹೆದರುತ್ತಿದ್ದ ಅಸ್ತ್ರ. ಆದರೆ ಹೊಡೆದ ಮೇಲೆ ಆ ಕೈಯನ್ನು ಗಲ್ಲದ ಮಟ್ಟಕ್ಕೆ ಎಳೆದುಕೊಳ್ಳದೆ ಕೆಳಕ್ಕೆ ಬಿಡುತ್ತಿದ್ದ. ಆ ಒಂದು ಕ್ಷಣ ಅವನ ಎಡಗೆನ್ನೆ ಕಾವಲಿಲ್ಲದ ಕೋಟೆಬಾಗಿಲು. ಷ್ಮೆಲಿಂಗ್‌ನ ಬಲಗೈಯೋ, ಅಂಥ ಬಾಗಿಲಿಗೆಂದೇ ಮಾಡಿಸಿದಂತಿತ್ತು.

ಇತ್ತ ಲೂಯಿಸ್ ತರಬೇತಿಗಿಂತ ಹೊಸದಾಗಿ ಅಂಟಿಕೊಂಡ ಗಾಲ್ಫ್ ಹುಚ್ಚಿನಲ್ಲೇ ಮೈಮರೆತಿದ್ದ. ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್‌ನ ಗದರಿಕೆಗೂ ಜಗ್ಗಲಿಲ್ಲ.

ಮಳೆಯಿಂದ ಒಂದು ದಿನ ಮುಂದೆ ಹೋದ ಪಂದ್ಯಕ್ಕೆ ಸುಮಾರು 40,000 ಜನ ಸೇರಿದ್ದರು. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್‌ನ ಎಡಗೈ ಇಳಿಯಿತು, ಷ್ಮೆಲಿಂಗ್‌ನ ಬಲಗೈ ಅದರ ಮೇಲಿಂದ ಹಾದು ದವಡೆಗೆ ಬಡಿಯಿತು. ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಲೂಯಿಸ್ ನೆಲ ಕಂಡ. ಎದ್ದು ನಿಂತನಾದರೂ ಮತ್ತೆ ಅದೇ ಜ್ಯಾಬ್, ಅದೇ ತಪ್ಪು, ಅದೇ ಬಲಗೈ. ಕೆನ್ನೆ ಊದಿಕೊಂಡಿತು. ಆದರೂ ಎಂಟು ಸುತ್ತು ತಾಳಿಕೊಂಡದ್ದು ಅವನ ಎದೆಗಾರಿಕೆಯ ಗುರುತು. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನು ಹತ್ತು ಎಣಿಸುವುದರೊಳಗೆ ಏಳಲಿಲ್ಲ. ಅಂದು ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ಗಂಡಸರು ಮಕ್ಕಳಂತೆ ಅತ್ತರು. ಅಟ್ಲಾಂಟಿಕ್‌ನ ಆಚೆ ಹಿಟ್ಲರನ ಪ್ರಚಾರ ಯಂತ್ರ ಇದನ್ನು ಜನಾಂಗದ ಜಯವೆಂದು ಸಾರಿತು. ಷ್ಮೆಲಿಂಗ್ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ವೀರನಂತೆ ಮರಳಿದ. ಪಂದ್ಯದ ಚಿತ್ರ ಜರ್ಮನಿಯ ಚಿತ್ರಮಂದಿರಗಳಲ್ಲಿ ಓಡಿತು.

ಎಷ್ಟೋ ಹೊಸ ಪ್ರತಿಭೆಗಳ ಕತೆ ಇಂಥ ರಾತ್ರಿಯಲ್ಲೇ ಮುಗಿದುಹೋಗುತ್ತದೆ. ಲೂಯಿಸ್‌ನದು ಮುಗಿಯಲಿಲ್ಲ. ಎರಡೇ ತಿಂಗಳಲ್ಲಿ ಷಾರ್ಕಿಯನ್ನು ಮೂರನೆಯ ಸುತ್ತಿನಲ್ಲಿ ಉರುಳಿಸಿದ. ಬ್ಲ್ಯಾಕ್‌ಬರ್ನ್ ಹೇಳಿದಂತೆ ಎಡಗೈಯನ್ನು ತಿದ್ದಿಕೊಂಡ. 1937ರ ಜೂನ್ 22ರಂದು ಜೇಮ್ಸ್ ಬ್ರ್ಯಾಡಕ್‌ನನ್ನು ಮಣಿಸಿ ವಿಶ್ವ ಚಾಂಪಿಯನ್ ಆದ. ಇದರಲ್ಲಿ ಷ್ಮೆಲಿಂಗ್‌ಗೆ ಅನ್ಯಾಯವಾಯಿತೆಂಬುದೂ ನಿಜ. ಲೂಯಿಸ್‌ನನ್ನು ಗೆದ್ದ ಆತನೇ ಬ್ರ್ಯಾಡಕ್‌ನ ಮುಂದೆ ನಿಲ್ಲಬೇಕಾಗಿತ್ತು. ಆದರೆ ನಾಜಿ ಜರ್ಮನಿಯ ಮೇಲಿನ ಸಿಟ್ಟು ಮತ್ತು ಹಣದ ಲೆಕ್ಕಾಚಾರ ಎರಡೂ ಸೇರಿ ಅವನನ್ನು ಬದಿಗೆ ಸರಿಸಿದವು.

ಸರಿಯಾಗಿ ಒಂದು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಮೈದಾನದಲ್ಲಿ ಇಬ್ಬರೂ ಮತ್ತೆ ಎದುರಾದರು. ಸುಮಾರು 70,000 ಜನ ನೋಡುತ್ತಿದ್ದರು. ಲೂಯಿಸ್‌ಗೆ ಬೇಕಾದದ್ದು 124 ಸೆಕೆಂಡು. ಸೋತಾಗ ಬರಿಯ ಕಪ್ಪು ಜನರ ಹುಡುಗನಾಗಿದ್ದವನು ಅಂದು ಇಡೀ ಅಮೆರಿಕದ ವೀರನಾದ. ಪಟ್ಟವನ್ನು ಅವನು 1949ರವರೆಗೆ, 25 ಸಲ ಕಾದುಕೊಂಡ.

ಷ್ಮೆಲಿಂಗ್‌ನ ಕತೆಗೂ ಇನ್ನೊಂದು ಮುಖವಿದೆ. ಆತ ನಾಜಿ ಪಕ್ಷ ಸೇರಲಿಲ್ಲ; ತನ್ನ ಯಹೂದಿ ವ್ಯವಸ್ಥಾಪಕ ಜೋ ಜೇಕಬ್ಸ್‌ನನ್ನು ಬಿಡೆಂದು ಒತ್ತಡ ಬಂದರೂ ಬಿಡಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಬಾಲಕರನ್ನು ಬರ್ಲಿನ್ನಿನ ತನ್ನ ಹೋಟೆಲ್ ಕೋಣೆಯಲ್ಲಿ ಅಡಗಿಸಿ ಕಾಪಾಡಿದ. ಇದನ್ನು ಆತ ಹೇಳಿಕೊಳ್ಳಲಿಲ್ಲ. 1989ರಲ್ಲಿ ಆ ಬಾಲಕರಲ್ಲೊಬ್ಬರು ಹೇಳಿದಾಗಲೇ ಲೋಕಕ್ಕೆ ತಿಳಿದದ್ದು. ಯುದ್ಧ ಮುಗಿದು ಬಹಳ ಕಾಲದ ಮೇಲೆ, 1954ರಲ್ಲಿ, ಆತ ಲೂಯಿಸ್‌ನನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋದ. ಇಬ್ಬರೂ ಗೆಳೆಯರಾದರು. ತೆರಿಗೆಯ ಸಾಲದಲ್ಲಿ ನಲುಗಿದ ಲೂಯಿಸ್ 1981ರಲ್ಲಿ ತೀರಿಕೊಂಡ. ಷ್ಮೆಲಿಂಗ್ 99 ವರ್ಷ ಬಾಳಿ 2005ರಲ್ಲಿ ಕಣ್ಮುಚ್ಚಿದ.

1936ರ ಆ ರಾತ್ರಿಯನ್ನು ಇಬ್ಬರ ಹಿಂದೆ ನಿಂತಿದ್ದವರೂ ಜನಾಂಗಗಳ ಬಲಾಬಲದ ಪರೀಕ್ಷೆ ಎಂದೇ ಓದಿದರು. ಕಣದೊಳಗೆ ತೀರ್ಮಾನವಾದದ್ದು ಮಾತ್ರ ಒಂದು ಎಡಗೈ ಎಲ್ಲಿಗೆ ಮರಳುತ್ತದೆ ಎಂಬ ಸಣ್ಣ ಸಂಗತಿಯಿಂದ. ಅದನ್ನು ಕಂಡವನು ಗೆದ್ದ. ಸೋತ ಮೇಲೆ ತಿದ್ದಿಕೊಂಡವನು ಚಾಂಪಿಯನ್ ಆದ.