ಎಸಳಿನ ಸಂದಿಯ ನುಸಿ: ಈರುಳ್ಳಿ–ಬೆಳ್ಳುಳ್ಳಿ ರಕ್ಷಣೆ ನಡೆದುಬಂದ ದಾರಿ

ಬೆಳ್ಳುಳ್ಳಿ ಮೊಳೆತು ಮೂರು–ನಾಲ್ಕು ಗರಿ ಬಿಡುವ ಹೊತ್ತಿಗೆ ಕೆಲವು ಗಿಡಗಳ ಗರಿಗಳು ಬಿಚ್ಚಿಕೊಳ್ಳುವುದಿಲ್ಲ. ಒಂದರ ತುದಿ ಇನ್ನೊಂದರಲ್ಲಿ ಸಿಕ್ಕಿಕೊಂಡು ಮುರುಟುತ್ತದೆ, ಅಂಚಿನಲ್ಲಿ ಹಳದಿ ಗೆರೆ ಮೂಡುತ್ತದೆ. ನೀರು ಕಡಿಮೆಯಾಯಿತೋ ಗೊಬ್ಬರ ಸಾಲದೋ ಎಂದು ಬೆಳೆದವರು ಚಿಂತಿಸುತ್ತಾರೆ. ಕಾರಣ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದದ, ನಾಲ್ಕೇ ಕಾಲುಗಳ ಮೈಟ್ ನುಸಿ ಅದು. ಬಹುತೇಕ ಸಲ ಅದು ಹೊರಗಿನಿಂದ ಬಂದಿರುವುದಿಲ್ಲ, ನೆಟ್ಟ ಎಸಳಿನೊಳಗೇ ಇರುತ್ತದೆ. ಈ ಸಂಗತಿ ಮನದಟ್ಟಾಗಲು ಕೃಷಿ ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು.

ಗಡ್ಡೆಗಳಿಗೆ ಕಾಟ ಕೊಡುವ ನುಸಿಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬೇರಿನ ಬುಡದಲ್ಲಿ ಗುಂಪುಗಟ್ಟುವ, ಹೊಳೆಯುವ ಕೆನೆಬಣ್ಣದ ದುಂಡು ನುಸಿ, ರೈಜೋಗ್ಲೈಫಸ್. ಕಣ್ಣು ಚುರುಕಾಗಿದ್ದರೆ ಕಂಡೀತು. ಅದರ ಮುಖ್ಯ ಪ್ರಭೇದಗಳಿಗೆ 1868–69ರಲ್ಲೇ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಹೆಸರಿಟ್ಟಿದ್ದರು. ಎರಡನೆಯದೇ ಗರಿ ಮುರುಟಿಸುವ ಏಸೀರಿಯಾ ಟುಲಿಪೇ. ಕ್ಯಾಲಿಫೋರ್ನಿಯಾದ ಕೀಫರ್ ಅದನ್ನು 1938ರಲ್ಲಿ ಟುಲಿಪ್ ಹೂವಿನ ಗಡ್ಡೆಗಳಿಂದ ವರ್ಣಿಸಿದರು. ಹೆಸರಿನ ಗೊಂದಲ ಶುರುವಾದದ್ದು ಆಮೇಲೆ. 1950ರ ದಶಕದಲ್ಲಿ ಕೆನಡಾದ ಸ್ಲೈಕ್‌ಹೌಸ್ ಗೋಧಿಯ ಒಂದು ಮೊಸಾಯಿಕ್ ರೋಗವನ್ನು ಹರಡುವುದು ಇದೇ ನುಸಿ ಎಂದು ವರದಿ ಮಾಡಿದರು. ಗೋಧಿಯ ನುಸಿಯೇ ಬೇರೆ ಪ್ರಭೇದವೆಂದು ಕೀಫರ್ 1969ರಲ್ಲಿ ಹೊಸ ಹೆಸರು ಕೊಟ್ಟ ಮೇಲೂ ಹಳೆಯ ಹೆಸರು ಗೋಧಿಯ ಬರಹಗಳಲ್ಲಿ ಉಳಿದುಕೊಂಡಿತು. ಹೀಗಾಗಿ ಆ ಕಾಲದ ವರದಿಗಳಲ್ಲಿ ಯಾವುದು ಗೋಧಿಯ ನುಸಿಯ ಮಾತು, ಯಾವುದು ಬೆಳ್ಳುಳ್ಳಿಯ ನುಸಿಯ ಮಾತು ಎಂದು ಬಿಡಿಸಿಯೇ ಓದಬೇಕು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಗಟ್ಟಿ ಸ್ಥಾನವಿದೆ. ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ. ಚನ್ನಬಸವಣ್ಣ ಅವರು ಭಾರತದ ಇಂಥ ನಾಲ್ಕು ಕಾಲಿನ ನುಸಿಗಳ ಬಗ್ಗೆ 1966ರಲ್ಲಿ ಪ್ರಕಟಿಸಿದ ಗ್ರಂಥ ದೇಶದ ನುಸಿಶಾಸ್ತ್ರಕ್ಕೆ ಬುನಾದಿಯಾಯಿತು. 1986ರಲ್ಲಿ ನುಸಿಶಾಸ್ತ್ರದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ.

ಹೆಸರು ತಿಳಿದ ಮೇಲೆ ಮದ್ದಿನ ಯುಗ. ಗಂಧಕ, ಡೈಕೋಫಾಲ್, ಆರ್ಗನೋಫಾಸ್ಫೇಟ್ ಗುಂಪಿನ ವಿಷಗಳು, ಮಣ್ಣಿಗೆ ಮೀಥೈಲ್ ಬ್ರೋಮೈಡ್ ಹೊಗೆ. ಆರಂಭದ ಗೆಲುವು ಉಳಿಯಲಿಲ್ಲ. ರೈಜೋಗ್ಲೈಫಸ್ ನುಸಿಗಳು ಆರ್ಗನೋಫಾಸ್ಫೇಟ್‌ಗಳನ್ನು ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಂಡವು. ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಕುತ್ತೆಂದು ಮಾಂಟ್ರಿಯಲ್ ಒಪ್ಪಂದದಡಿ ಹಿಂದೆ ಸರಿಯಿತು. ಡೈಕೋಫಾಲ್ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿ ಸೇರಿತು, ಭಾರತವೂ ಅದನ್ನು ನಿಷೇಧಿಸಿದೆ. ಆದರೆ ಈ ಮದ್ದುಗಳ ಮೂಲ ದೌರ್ಬಲ್ಯ ಬೇರೆಯೇ. ಮುಚ್ಚಿದ ಗರಿಯ ಮಡಿಕೆಯಲ್ಲಿ, ಗಡ್ಡೆಯ ಪದರದ ನಡುವೆ ಕೂತ ಜೀವಿಗೆ ಮೇಲಿನ ಸಿಂಪಡಣೆ ಮುಟ್ಟುವುದೇ ಇಲ್ಲ. ನಮ್ಮಲ್ಲಿ ಇನ್ನೊಂದು ಪ್ರಮಾದವೂ ನಡೆಯುತ್ತದೆ, ಥ್ರಿಪ್ಸ್ ಮತ್ತು ಮೈಟ್ ಎರಡನ್ನೂ ಒಂದೇ ಎಂದು ಬಗೆಯುವುದು. ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಕೀಟವೇ ಅಲ್ಲ. ಥ್ರಿಪ್ಸ್‌ಗೆಂದು ಪೈರೆಥ್ರಾಯ್ಡ್ ಕೀಟನಾಶಕ ಹೊಡೆದರೆ ಮೈಟ್ ಸಾಯದೆ ಅದನ್ನು ತಿನ್ನುವ ಮಿತ್ರಜೀವಿಗಳು ಸಾಯಬಹುದು.

ದುಂಡು ನುಸಿಯ ಮೇಲೆ ಬಹುಕಾಲ ಒಂದು ಚರ್ಚೆ ನಡೆದಿದೆ. ಗಡ್ಡೆ ಕೊಳೆಯುವುದು ನುಸಿಯಿಂದಲೋ, ಕೊಳೆತದ್ದಕ್ಕೆ ನುಸಿ ಬರುವುದೋ? ಜಪಾನ್ ಮತ್ತು ಇಸ್ರೇಲಿನ ಅಧ್ಯಯನಗಳು ಫ್ಯುಸೇರಿಯಂ ಶಿಲೀಂಧ್ರ ತಗುಲಿದ ಗಡ್ಡೆಯತ್ತ ಈ ನುಸಿ ಸೆಳೆಯಲ್ಪಡುತ್ತದೆಂದು ತೋರಿಸಿದವು. ಅದು ಮಾಡಿದ ಗಾಯ ಮತ್ತೆ ಕೊಳೆಗೆ ದಾರಿಯಾಗುತ್ತದೆ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡುವುದು ವ್ಯರ್ಥ ಎಂಬುದೇ ನನ್ನ ಅಭಿಪ್ರಾಯ. ಕೊಳೆಯುತ್ತಿರುವ ಹೂಕೋಸಿನ ಕಸದಲ್ಲೂ ಈ ನುಸಿ ಹೇರಳವಾಗಿ ಬದುಕಬಲ್ಲದು. ಹೂಕೋಸು ಕೊಯ್ದ ಮಡಿಯಲ್ಲಿ ಕಸ ಪೂರ್ತಿ ಮಣ್ಣಾಗುವ ಮುನ್ನ ಈರುಳ್ಳಿ ನೆಡಬಾರದೆಂಬ ಸಲಹೆ ಬಂದದ್ದು ಇದರಿಂದಲೇ.

ಈ ಕ್ಷೇತ್ರದ ಅತಿ ಸೊಗಸಾದ ಅಧ್ಯಾಯ ಹಾಲೆಂಡಿನದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸಬೆಲಿಸ್, ಲೆಸ್ನಾ ಮತ್ತು ಸಂಗಡಿಗರು ನುಸಿಯನ್ನು ತಿನ್ನುವ ನುಸಿಗಳ ಬೆನ್ನು ಹತ್ತಿದರು. ಏಸೀರಿಯಾ ಹತ್ತಿದ ಟುಲಿಪ್ ಗಡ್ಡೆ ಒಂದು ಬಗೆಯ ವಾಸನೆ ಬಿಡುತ್ತದೆ, ಬೇಟೆಗಾರ ನುಸಿ ಅದನ್ನು ಹಿಡಿದು ಬರುತ್ತದೆ. ಅಷ್ಟೇ ಅಲ್ಲ, ಪೀಡೆಯಿದ್ದ ಗಡ್ಡೆಯ ಪದರಗಳ ನಡುವಿನ ಸಂದಿ ತುಸು ಅಗಲವಾಗಿ, ದೊಡ್ಡ ಮೈಯ ಬೇಟೆಗಾರನೂ ಒಳಗೆ ನುಗ್ಗುವಂತಾಗುತ್ತದೆ. ಈ ತಂಡದಲ್ಲಿದ್ದ ಶ್ರೀಲಂಕಾದ ಅರಚ್ಚಿಗೆ ಅವರು ಪೀಡೆಯಿದ್ದಲ್ಲಿ ಸಂದಿ ಅಗಲವಾಗುವುದೇ ಎಂಬ ಪ್ರಶ್ನೆಯನ್ನು ತೆಂಗಿನಕಾಯಿಯ ತೊಟ್ಟಿಗೂ ಒಯ್ದರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೆಂಗಿನ ತೋಟಗಳನ್ನು ಕಂಗೆಡಿಸಿದ ನುಸಿ ಪೀಡೆ ಬೆಳ್ಳುಳ್ಳಿಯ ಈ ನುಸಿಯದೇ ಕುಲದ್ದು.

ಇಷ್ಟರಲ್ಲಿ 1990ರ ದಶಕದ ವೈರಾಣು ಸಂಶೋಧನೆ ಇನ್ನೊಂದು ಮುಖ ತೋರಿಸಿತ್ತು. ಬೆಳ್ಳುಳ್ಳಿಯ ಅಲೆಕ್ಸಿವೈರಸ್ ಎಂಬ ವೈರಾಣುಗಳನ್ನು ಹೊತ್ತೊಯ್ಯುವುದೂ ಏಸೀರಿಯಾ ಟುಲಿಪೇ ನುಸಿಯೇ. ಬೆಳ್ಳುಳ್ಳಿಗೆ ಬೀಜವಿಲ್ಲ, ಎಸಳೇ ಬಿತ್ತನೆ. ನುಸಿ, ವೈರಾಣು ಎರಡೂ ಎಸಳಿನಲ್ಲಿ ವರ್ಷದಿಂದ ವರ್ಷಕ್ಕೆ ದಾಟುತ್ತವೆ. ಫ್ರಾನ್ಸ್ ಅಂಗಾಂಶ ಕೃಷಿಯಿಂದ ವೈರಾಣುಮುಕ್ತ ತಳಿಗಳನ್ನು ಬೆಳೆಸಿ ಪ್ರಮಾಣೀಕರಿಸಿತು. ನಾನು ಕಂಡಂತೆ ಈ ಇಡೀ ಕ್ಷೇತ್ರದ ನಿಜವಾದ ಮುನ್ನಡೆ ಅದೇ.

ಕೈತೋಟದವರಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಸುಕ್ಕಿದ, ಕಂದು ಚುಕ್ಕೆಯ, ಜೊಳ್ಳಾದ ಎಸಳನ್ನು ನೆಡಬೇಡಿ. ಉಳಿದವನ್ನು 54–55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10ರಿಂದ 20 ನಿಮಿಷ ಅದ್ದಿ ತೆಗೆಯಬಹುದು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ, ಶಾಖ ಹೆಚ್ಚಾದರೆ ಮೊಳಕೆಯೇ ಸಾಯುತ್ತದೆ. ಒಂದೇ ಮಡಿಯಲ್ಲಿ ಈರುಳ್ಳಿಯ ಹಿಂದೆ ಬೆಳ್ಳುಳ್ಳಿ ಬೇಡ. ಕಿತ್ತ ಗಡ್ಡೆಯನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡುವಲ್ಲಿ ತೂಗುಹಾಕಿ. ಗದಗ, ಹಾವೇರಿಯ ಹೊಲಗಳಿಗಾದರೆ ಇಷ್ಟು ಸಾಲದು. ಸಂತೆಯಲ್ಲಿ ಕೊಂಡ ಗಡ್ಡೆಯನ್ನೇ ಬಿತ್ತುವ ರೈತನಿಗೆ ಪ್ರಮಾಣೀಕೃತ ಶುದ್ಧ ಎಸಳು ಕೈಗೆಟುಕುವ ಬೆಲೆಯಲ್ಲಿ ಸಿಗುವಂತೆ ನಮ್ಮ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳು ಮಾಡಬೇಕು.