ಮುಖ ಎರವಲು, ಕಥೆ ಸ್ವಂತ

ನಾಲ್ಕು ಜನ ಸೇರಿ ಒಂದೇ ಕಥೆ ಬರೆಯೋ ಆಟ ನಿಮಗೆ ಗೊತ್ತಿರಬಹುದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪಾತ್ರದ ವಯಸ್ಸು, ಸ್ವಭಾವ, ಹಿನ್ನೆಲೆ ಎಲ್ಲ ಬರೆದು, ಪಕ್ಕದಲ್ಲಿ ಯಾವುದಾದರೂ ನಟನ ಫೋಟೋ ಅಂಟಿಸೋದು ರೂಢಿ. ಇದಕ್ಕೆ ‘ಫೇಸ್ ಕ್ಲೇಮ್’ ಅಂತಾರೆ. ಇದು ಇಂಟರ್ನೆಟ್ ಕಾಲದ ಹುಚ್ಚು ಅಂತಲೇ ನಾನೂ ಅಂದುಕೊಂಡಿದ್ದೆ, ಬ್ರಾಂಟಿ ಮಕ್ಕಳ ಬಗ್ಗೆ ಓದೋವರೆಗೆ.

1826ರ ಜೂನ್. ಇಂಗ್ಲೆಂಡಿನ ಹಾವರ್ತ್ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ, ಲೀಡ್ಸ್‌ಗೆ ಹೋದವರು ಮಗ ಬ್ರಾನ್‌ವೆಲ್‌ಗೆ ಮರದ ಸೈನಿಕರ ಬೊಂಬೆಗಳನ್ನು ತಂದರು. ಹತ್ತು ವರ್ಷದ ಶಾರ್ಲೆಟ್ ಒಂದನ್ನು ಎತ್ತಿಕೊಂಡು ಅದಕ್ಕೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅಂತ ಹೆಸರಿಟ್ಟಳು. ಬ್ರಾನ್‌ವೆಲ್ ತನ್ನದಕ್ಕೆ ಬೋನಪಾರ್ಟೆ ಅಂದ. ಎಮಿಲಿ, ಆನ್ ಕೂಡ ಒಂದೊಂದು ಆರಿಸಿಕೊಂಡರು. ಆಟ ಕಥೆಯಾಯಿತು, ಕಥೆ ಅಂಗೈಯಲ್ಲಿ ಹಿಡಿಸೋ ಪುಟಾಣಿ ಪುಸ್ತಕಗಳಾಯಿತು. ಮುಂದೆ ಎಮಿಲಿ, ಆನ್ ಬೇರೆಯಾಗಿ ಗೊಂಡಾಲ್ ಅನ್ನೋ ತಮ್ಮದೇ ಲೋಕ ಕಟ್ಟಿಕೊಂಡರು. ಶಾರ್ಲೆಟ್, ಬ್ರಾನ್‌ವೆಲ್ ಇಬ್ಬರದು ಆಂಗ್ರಿಯಾ.

ಜಗಳವೂ ಇತ್ತು. 1836ರಲ್ಲಿ ಶಾರ್ಲೆಟ್ ಟೀಚರ್ ಕೆಲಸಕ್ಕೆಂದು ಮನೆಯಿಂದ ದೂರ ಇದ್ದಾಗ, ಬ್ರಾನ್‌ವೆಲ್ ಅವಳ ನಾಯಕ ಜಮೋರ್ನಾನ ಹೆಂಡತಿ ಮೇರಿಯನ್ನು ಸಾಯಿಸಿಬಿಟ್ಟ. ಶಾರ್ಲೆಟ್ ತನ್ನ ಮುಂದಿನ ಕಥೆಯಲ್ಲಿ ಅವಳನ್ನು ಬದುಕಿಸಿಕೊಂಡಳು!

ಈ ಪಾತ್ರಗಳಿಗೆ ಮುಖ ಎಲ್ಲಿಂದ ಬಂತು? ಬಹಳಷ್ಟು ಎರವಲು. ಬೈರನ್ ಕವಿಯ ಬದುಕು, ಕಾವ್ಯಗಳಿಗೆ ಸಂಬಂಧಿಸಿ ಫಿಂಡನ್ ಪ್ರಕಟಿಸಿದ ಕೆತ್ತನೆ ಚಿತ್ರಗಳನ್ನು ಶಾರ್ಲೆಟ್ ಪೆನ್ಸಿಲ್, ಜಲವರ್ಣದಲ್ಲಿ ನಕಲು ಮಾಡುತ್ತಿದ್ದಳು. ಆ ಕಾಲದ ಸಿರಿವಂತ ಹೆಂಗಸರ ಮುಖಗಳು ಅವಳ ಆಂಗ್ರಿಯಾದ ಸುಂದರಿಯರಾದವು. ಚಿತ್ರಕಾರಳಾಗಬೇಕೆಂಬ ಆಸೆಯೂ ಅವಳಿಗಿತ್ತು. 1834ರಲ್ಲಿ ಲೀಡ್ಸ್‌ನ ಕಲಾ ಪ್ರದರ್ಶನದಲ್ಲಿ ಅವಳ ಎರಡು ಪೆನ್ಸಿಲ್ ಚಿತ್ರಗಳಿದ್ದವು.

ಆದರೆ ಎರವಲು ಮುಖಕ್ಕೆ ಒಂದು ತೊಂದರೆ ಇದೆ. ಅದು ಯಾವಾಗಲೂ ಚಂದ, ಯಾವಾಗಲೂ ಅದೇ. ಸುಮಾರು 1839ರಲ್ಲಿ ಶಾರ್ಲೆಟ್ ಆಂಗ್ರಿಯಾಕ್ಕೆ ವಿದಾಯ ಹೇಳುತ್ತಾ, ಅದೇ ಮುಖಗಳನ್ನು ಎಲ್ಲ ಕೋನದಿಂದ ತೋರಿಸಿ ಸಾಕಾಗಿದೆ ಅನ್ನೋ ಅರ್ಥದಲ್ಲಿ ಬರೆದಳು. ಬಿಟ್ಟುಬರಲು ಸಂಕಟವಾಗುತ್ತಿದೆ ಅಂತಲೂ ಒಪ್ಪಿಕೊಂಡಳು.

1847ರಲ್ಲಿ ‘ಜೇನ್ ಏರ್’ ಬಂತು. ಅದರ ನಾಯಕಿ ಚಂದದವಳಲ್ಲ, ನಾಯಕನೂ ಅಷ್ಟೇ. ಬ್ಲಾಂಚ್ ಅನ್ನೋ ಚೆಲುವೆಯನ್ನು ಜೇನ್ ಇನ್ನೂ ನೋಡಿರೋದಿಲ್ಲ. ಬೇರೆಯವರ ವರ್ಣನೆ ಕೇಳಿಯೇ ಅವಳ ಚಿತ್ರ ಬರೀತಾಳೆ. ಪಕ್ಕದಲ್ಲಿ ತನ್ನ ಮುಖವನ್ನೂ ಬರೆದು, ಒಂದು ಕುಂದನ್ನೂ ಮುಚ್ಚಿಡದೆ, ‘ನಿನ್ನ ಆಸೆ ಎಲ್ಲಿ, ನೀನೆಲ್ಲಿ’ ಅಂತ ತನಗೆ ತಾನೇ ಬುದ್ಧಿ ಹೇಳಿಕೊಳ್ತಾಳೆ. ವರ್ಣನೆಯ ಪಕ್ಕ ಚಿತ್ರ ಇಟ್ಟು ಬೆಳೆದ ಹುಡುಗಿಗೆ ಮಾತ್ರ ಹೊಳೆಯೋ ಸನ್ನಿವೇಶ ಅನ್ನಿಸುತ್ತೆ ನನಗೆ.

1848ರಲ್ಲಿ ಪ್ರಕಾಶಕರ ಕಡೆಯಿಂದ, ಈ ಕಾದಂಬರಿಗೆ ನೀವೇ ಚಿತ್ರ ಬರೆದುಕೊಡಿ ಅನ್ನೋ ಸಲಹೆ ಬಂತು. ಶಾರ್ಲೆಟ್ ಒಲ್ಲೆ ಎಂದಳು. ಕಲಾವಿದರ ಕೈ ತನಗಿಲ್ಲ, ಮೇಲಾಗಿ ತನ್ನ ಪಾತ್ರಗಳು ಆದರ್ಶ ಭಾವಚಿತ್ರಕ್ಕೆ ಒಗ್ಗುವಷ್ಟು ಚಂದವಿಲ್ಲ ಅನ್ನೋದು ಅವಳ ಕಾರಣ.

ಹಾಗಂತ ಫೋಟೋ ಅಂಟಿಸೋರನ್ನು ಹೀಗಳೆಯೋದು ಬೇಡ. ಆ ನಕಲುಗಳನ್ನು ಬರೀತಾ ಬರೀತಾನೇ ಅವಳು ಮುಖ ನೋಡೋದನ್ನು ಕಲಿತಳು. ಜೇನ್‌ಗೆ ಮಾತ್ರ ಯಾರ ಮುಖವನ್ನೂ ಎರವಲು ತರಬೇಕಾಗಲಿಲ್ಲ.