ಒಂದು ದಿನದ ಕಿರಿತನ

ಕೊಡಗಿನಲ್ಲಿ ಸೈನಿಕನಿಲ್ಲದ ಮನೆತನ ಹುಡುಕುವುದು ಕಷ್ಟ. ಆದರೆ ಬ್ರಿಟಿಷರ ಕಾಲದಲ್ಲಿ ಸೈನ್ಯ ಸೇರುವುದೇ ಬೇರೆ, ಅಧಿಕಾರಿಯಾಗುವುದೇ ಬೇರೆ. ಅಧಿಕಾರಿಯಾಗಲು ‘ಕಿಂಗ್ಸ್ ಕಮಿಷನ್’ ಬೇಕಿತ್ತು. ಅಂದರೆ ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ಕೊಡುವ ಸನ್ನದು.

ಮೊದಲ ಮಹಾಯುದ್ಧದವರೆಗೆ ಭಾರತೀಯರಿಗೆ ಈ ಸನ್ನದು ಬಹುಮಟ್ಟಿಗೆ ಎಟುಕದ ವಸ್ತು. ಅವರಿಗಿದ್ದುದು ವೈಸ್‌ರಾಯ್ ಕಮಿಷನ್. ಅದರಲ್ಲಿ ಹೆಚ್ಚೆಂದರೆ ಸುಬೇದಾರ್ ಮೇಜರ್ ಆಗಬಹುದಿತ್ತು. ತಲೆ ನರೆತ ಸುಬೇದಾರ್ ಮೇಜರ್ ಕೂಡ ಆಗಷ್ಟೇ ಸೇರಿದ ಬ್ರಿಟಿಷ್ ಸೆಕೆಂಡ್ ಲೆಫ್ಟಿನೆಂಟನ ಕೈಕೆಳಗೇ.

1917ರಲ್ಲಿ ಈ ನಿಯಮ ಸಡಿಲವಾಯಿತು. ಮದರಾಸಿನಲ್ಲಿ ಕಾಲೇಜು ಓದುತ್ತಿದ್ದ ಕೆ.ಎಂ. ಕಾರ್ಯಪ್ಪ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ, 1919ರ ಡಿಸೆಂಬರ್ 1ರಂದು ಕಮಿಷನ್ ಪಡೆದರು. ಆದರೆ ಅದು ತಾತ್ಕಾಲಿಕ. ಕಾಯಂ ಆದದ್ದು 1922ರಲ್ಲಿ. ಆಗಲೂ ಹಿರಿತನದ ಲೆಕ್ಕ ಹಿಡಿದದ್ದು 1920ರ ಜುಲೈ 17ರಿಂದ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ತಂಡ ಹೊರಬಂದದ್ದು ಜುಲೈ 16ರಂದು. ಏಳು ತಿಂಗಳು ಮೊದಲೇ ಅಧಿಕಾರಿಯಾದವರು ಹೀಗೆ ಒಂದು ದಿನಕ್ಕೆ ಕಿರಿಯರಾದರು!

ಹಾಗಾದರೆ ಸ್ಯಾಂಡ್‌ಹರ್ಸ್ಟ್‌ನಲ್ಲೇ ಓದಿದ ಭಾರತೀಯನ ಗತಿ? ಮಡಿಕೇರಿಯ ಕೆ.ಎಸ್. ತಿಮ್ಮಯ್ಯ 1926ರಲ್ಲಿ ಅಲ್ಲಿಂದಲೇ ಕಮಿಷನ್ ಪಡೆದವರು. ಅಷ್ಟರಲ್ಲಿ, 1923ರಲ್ಲಿ, ಭಾರತೀಯ ಅಧಿಕಾರಿಗಳಿಗೆಂದು ಎಂಟು ಪಡೆಗಳನ್ನು ಗುರುತಿಸಲಾಗಿತ್ತು. ಬ್ರಿಟಿಷ್ ಅಧಿಕಾರಿಯು ಭಾರತೀಯನ ಆಜ್ಞೆ ಪಾಲಿಸುವ ಪ್ರಸಂಗ ಬಾರದಿರಲಿ ಎಂಬುದು ಇದರ ಒಂದು ಉದ್ದೇಶ. ಕಾರ್ಯಪ್ಪನವರ ರಜಪೂತ್ ಪಡೆ, ತಿಮ್ಮಯ್ಯನವರ ಹೈದರಾಬಾದ್ ಪಡೆ ಎರಡೂ ಈ ಎಂಟರೊಳಗಿನವೇ. 1932ರಲ್ಲಿ ಡೆಹ್ರಾಡೂನ್‌ನಲ್ಲಿ ಅಕಾಡೆಮಿ ತೆರೆದಾಗ ಅಲ್ಲಿನವರಿಗೆ ಬೇರೆಯೇ ‘ಇಂಡಿಯನ್ ಕಮಿಷನ್’ ಬಂತು, ಸಂಬಳವೂ ಕಡಿಮೆ.

1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ ಕಾರ್ಯಪ್ಪ. ಆ ತರಬೇತಿ ಮುಗಿಸಿದವರಿಗೆ ಸಾಮಾನ್ಯವಾಗಿ ಸ್ಟಾಫ್ ಹುದ್ದೆ ಕಾದಿರುತ್ತಿತ್ತು. ಕಾರ್ಯಪ್ಪನವರು ಮಾತ್ರ ತಮ್ಮ ಪಡೆಗೇ ಮರಳಿದರು. ಸ್ಟಾಫ್ ಕ್ಯಾಪ್ಟನ್ ಹುದ್ದೆ ಸಿಕ್ಕಿದ್ದು 1936ರಲ್ಲಿ.

ಅರ್ಹತಾ ಪತ್ರ ಕೈಯಲ್ಲಿದ್ದರೆ ಸಾಲದು, ಅದಕ್ಕೆ ಬೆಲೆ ಕಟ್ಟುವವರು ಯಾರು ಎಂಬುದೇ ಮುಖ್ಯವೆಂಬುದನ್ನು ಈ ಇತಿಹಾಸ ಹೇಳುತ್ತದೆ. 1942ರಲ್ಲಿ ಕಾರ್ಯಪ್ಪ ಬೆಟಾಲಿಯನ್ ಒಂದರ ಮುಖ್ಯಸ್ಥರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರೇ. ಸ್ವಾತಂತ್ರ್ಯದ ಬಳಿಕ, 1949ರ ಜನವರಿ 15ರಂದು, ಬ್ರಿಟಿಷ್ ದಂಡನಾಯಕನ ಕೈಯಿಂದ ಇಡೀ ಸೇನೆಯ ಅಧಿಕಾರ ವಹಿಸಿಕೊಂಡರು. 1957ರಲ್ಲಿ ತಿಮ್ಮಯ್ಯನವರೂ ಸೇನಾ ಮುಖ್ಯಸ್ಥರಾದರು. ದೇಶ ವರ್ಷವರ್ಷವೂ ಸೇನಾ ದಿನ ಆಚರಿಸುವುದು ಆ ಜನವರಿ 15ರ ನೆನಪಿಗೆ.